ಇಲ್ಲ ಅಂದದ್ದರ ವಹಿ

ಗೋದಾಮಿನ ಮೂಲೆಯಲ್ಲಿದ್ದ ಆ ಗಂಟನ್ನು ನಾವು ಬಿಚ್ಚಿದ್ದು 2022ರ ದೀಪಾವಳಿ ಮುಗಿದ ಮರುವಾರ. ಹೊರಗೆ ಗೋಣಿತಟ್ಟು, ಒಳಗೆ ಪ್ಲಾಸ್ಟಿಕ್ಕು, ಅದರೊಳಗೆ ನಲವತ್ತು ಸೀರೆ. ಸೂರತ್‌ನಿಂದ ಹೊರಟ ತಾರೀಖು ಗೋಣಿಯ ಮೇಲೆ ಕಪ್ಪು ಶಾಯಿಯಲ್ಲಿ ಹಾಗೇ ಇತ್ತು: 2020ರ ಮಾರ್ಚ್ 5. ಗಂಟು ಕಲಬುರಗಿ ಮುಟ್ಟುವ ಹೊತ್ತಿಗೆ, ಮಾರ್ಚ್ 10ರಂದು, ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡಿದ್ದರು. ಎರಡು ದಿನ ಬಿಟ್ಟು, ಅದು ದೇಶದಲ್ಲೇ ಕೊರೊನಾದ ಮೊದಲ ಸಾವು ಅಂತ ಗೊತ್ತಾಯಿತು. ದೇಶಕ್ಕೆ ಬೀಗ ಬೀಳುವ ಮೊದಲೇ ನಮ್ಮ ಬಜಾರಿಗೆ ಬೀಗ ಬಿತ್ತು. ಮದುವೆ ಸೀಜನ್ನಿಗೆಂದು ತರಿಸಿದ ಮಾಲು ಬಂದ ಗಂಟಿನಲ್ಲೇ ಉಳಿಯಿತು.

ಸೀರೆ ಕೌಂಟರಿನ ಕಾಕಾ ಒಂದು ಸೀರೆ ಬಿಡಿಸಿ ಬೆಳಕಿಗೆ ಹಿಡಿದರು. ಮಡಿಕೆ ಬಿದ್ದ ಕಡೆಯೆಲ್ಲ ಜರಿ ಕಪ್ಪಾಗಿತ್ತು. ಹೆಬ್ಬೆರಳಿನಿಂದ ಸ್ವಲ್ಪ ಒತ್ತಿ ಎಳೆದರು, ಮಡಿಕೆಯ ಗೆರೆಗುಂಟ ಬಟ್ಟೆ ಹಿಸಿಯಿತು. ‘ಇದು ಮಾರೋ ಮಾಲಲ್ರಿ ಅಕ್ಕಾರ. ಇದನ್ನ ಒಬ್ಬ ಹೆಣ್ಮಗಳ ಕೈಯಾಗ ಕೊಟ್ರ ಪಾಪ ಬರ್ತದ’ ಅಂದರು. ಮೂವತ್ತು ವರ್ಷಕ್ಕೂ ಮಿಕ್ಕಿ ನಮ್ಮ ಅಂಗಡಿಯಲ್ಲಿ ಸೀರೆ ಮಾರಿದವರು. ಅಂಥ ಗಂಟು ಆ ಗೋದಾಮಿನಲ್ಲಿ ಇನ್ನೂ ಹನ್ನೊಂದು ಇದ್ದವು.

ನಮ್ಮದು ಅಜ್ಜ ಕಪಡಾ ಬಜಾರಿನಲ್ಲಿ ಶುರುಮಾಡಿದ ಧೋತರ, ಖಣ, ಚಾದರದ ಸಣ್ಣ ಅಂಗಡಿ. ಅಪ್ಪಾಜಿ ಮಗ್ಗುಲಿನ ಕಟ್ಟಡವನ್ನೂ ತೆಗೆದುಕೊಂಡು ಮೂರು ಅಂತಸ್ತಿನ ಡಿಪಾರ್ಟ್‌ಮೆಂಟ್ ಸ್ಟೋರ್ ಮಾಡಿದರು. ಕೆಳಗೆ ಸೀರೆ, ಮೇಲೆ ರೆಡಿಮೇಡ್, ಅದರ ಮೇಲೆ ಭಾಂಡೆ ಸಾಮಾನು, ಬ್ಯಾಗು, ಹಾಸಿಗೆ, ಆಟಿಕೆ. 2010ರಲ್ಲಿ ಯಾದಗಿರಿ ಹೊಸ ಜಿಲ್ಲೆಯಾದಾಗ ಅಲ್ಲೊಂದು, ಆಮೇಲೆ ಹುಮನಾಬಾದಿನಲ್ಲೊಂದು, ಕೊನೆಗೆ 2018ರಲ್ಲಿ ಕಲಬುರಗಿಯ ಸೇಡಂ ರಸ್ತೆಯಲ್ಲಿ ಗಾಜಿನ ಮುಖದ್ದೊಂದು. ನಾಲ್ಕು ಅಂಗಡಿ, 61 ಜನ ಕೆಲಸದವರು. ನಾನು ಬೆಂಗಳೂರಿನಲ್ಲಿ ಒಂದು ಚಿಲ್ಲರೆ ಮಾರಾಟದ ಕಂಪನಿಯ ಖರೀದಿ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದವಳು. ಅಪ್ಪಾಜಿಗೆ ಎದೆಯ ಆಪರೇಷನ್ ಆದ ಮೇಲೆ ಊರಿಗೆ ಬಂದೆ. ಎರಡು ತಿಂಗಳು ಇದ್ದು ಹೋಗೋಣ ಅಂತ ಬಂದದ್ದು. ಗಲ್ಲಾದ ಹಿಂದೆ ಕೂತು ಬ್ಯಾಂಕಿನ ಪತ್ರ ನೋಡಿದ ದಿನ ಹೋಗುವ ಮಾತು ಬಿಟ್ಟೆ. ಕ್ಯಾಶ್ ಕ್ರೆಡಿಟ್, ಅಂದರೆ ಮಾಲಿನ ಮೇಲೆ ಬ್ಯಾಂಕು ಕೊಡುವ ಸಾಲದ ಮಿತಿ, ಒಂದೂವರೆ ಕೋಟಿ, ಪೂರಾ ಬಳಕೆಯಾಗಿತ್ತು. ಶೇಕಡಾ 11ರ ಬಡ್ಡಿ ಅಂದರೆ ವರ್ಷಕ್ಕೆ ಹದಿನಾರೂವರೆ ಲಕ್ಷ. ಆ ಎರಡು ವರ್ಷ ಸಂಬಳ ಯಾವ ತಿಂಗಳೂ 10ನೇ ತಾರೀಖಿಗೆ ಮೊದಲು ಆಗಿರಲಿಲ್ಲ.

ಊರಲ್ಲಿ ಎಲ್ಲರೂ ಹೇಳುತ್ತಿದ್ದ ಕಾರಣ ಒಂದೇ: ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ, ದೊಡ್ಡ ಕಂಪನಿಗಳ ಮಳಿಗೆ ಬಂದಿವೆ, ಇನ್ನು ನಮ್ಮಂಥವರದು ಮುಗಿಯಿತು. ನಾನೂ ಅರ್ಧ ನಂಬಿದ್ದೆ. ಅದಕ್ಕೇ ಮೊದಲು ಬೇರೇನೂ ಮಾಡದೆ ಮಾಲು ಎಣಿಸಿದೆವು. ಒಂದೊಂದು ಅಂಗಡಿಗೆ ಮೂರು ರಾತ್ರಿ, ಷಟರ್ ಎಳೆದ ಮೇಲೆ. ಆರು ತಿಂಗಳೊಳಗೆ ಬಂದ ಮಾಲಿಗೆ ಹಸಿರು ಚೀಟಿ, ವರ್ಷದೊಳಗಿನದಕ್ಕೆ ಹಳದಿ, ವರ್ಷ ದಾಟಿದ್ದಕ್ಕೆ ಕೆಂಪು. ಮೂರನೇ ರಾತ್ರಿ ಸೇಡಂ ರಸ್ತೆಯ ಮೊದಲ ಅಂತಸ್ತು ಮೆಟ್ಟಿಲಿನಿಂದ ನೋಡಿದರೆ ಮೆಣಸಿನಕಾಯಿ ಒಣಹಾಕಿದ ಅಂಗಳದ ಹಾಗೆ ಕೆಂಪಗಿತ್ತು. ಖರೀದಿ ಬೆಲೆಯಲ್ಲಿ ಒಟ್ಟು 3 ಕೋಟಿ 10 ಲಕ್ಷದ ಮಾಲು. ಅದರಲ್ಲಿ 96 ಲಕ್ಷದ್ದು ಎರಡು ವರ್ಷ ದಾಟಿದ್ದು. ಅಂದರೆ ನಾವು ಬ್ಯಾಂಕಿನಿಂದ ತಂದ ಸಾಲದ ಹೆಚ್ಚಿನ ಪಾಲು ಕಪಾಟಿನಲ್ಲಿ ಮಲಗಿತ್ತು. ಆನ್‌ಲೈನ್‌ನವರು ಅದನ್ನು ಅಲ್ಲಿ ಇಟ್ಟು ಹೋಗಿರಲಿಲ್ಲ.

ಅಪ್ಪಾಜಿಗೆ ಇದನ್ನು ಹೇಗೆ ಹೇಳುವುದು ಅನ್ನೋದೇ ನನಗೆ ದೊಡ್ಡ ಚಿಂತೆ. ‘ಮಾಲಂದ್ರ ಆಸ್ತಿ ಇದ್ದಂಗ ಅವ್ವಿ’ ಅನ್ನುವುದು ಅವರ ಮಾತು. ಅವರ ಕಾಲಕ್ಕೆ ಅದು ನಿಜವೇ ಆಗಿತ್ತು. ಒಂದು ಧೋತರ ಜೋಡಿ ಎರಡು ವರ್ಷ ಕೂತರೆ ಬೆಲೆ ಏರುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಈಗ ಒಂದು ಡಿಸೈನಿನ ಆಯುಷ್ಯ ಒಂದು ಸೀಜನ್ನು. ಅಫಜಲಪುರದ ಹಳ್ಳಿಯ ಹುಡುಗಿಯೂ ಬೆಂಗಳೂರಿನ ಹುಡುಗಿಯೂ ಒಂದೇ ದಿನ ಒಂದೇ ಫೋಟೋ ನೋಡುತ್ತಾರೆ. ನಾನು ಒಂದು ಹಾಳೆಯ ಮೇಲೆ ಎರಡೇ ಲೆಕ್ಕ ಬರೆದು ಅವರ ಮುಂದಿಟ್ಟೆ. 600 ರೂಪಾಯಿಗೆ ಕೊಂಡ ಸೀರೆ, ಚೀಟಿಯ ಬೆಲೆ 900. ಎರಡು ವರ್ಷ ಕೂತಿತು. ಬಡ್ಡಿ 132. ಕೊನೆಗೆ ಆಷಾಢದ ಸೇಲಿನಲ್ಲಿ 650ಕ್ಕೆ ಹೋಯಿತು. ಕೈಗೆ ಬಂದದ್ದು 82 ರೂಪಾಯಿ ನಷ್ಟ, ಬಾಡಿಗೆ, ಸಂಬಳ ಹಿಡಿಯದೆ. 80ಕ್ಕೆ ಕೊಂಡು 100ಕ್ಕೆ ಮಾರುವ ಟಾವೆಲ್ಲು ವರ್ಷಕ್ಕೆ ಎಂಟು ಸಲ ತಿರುಗಿತು. ಅದೇ 80 ರೂಪಾಯಿ 160 ದುಡಿದು ತಂದಿತು. ಅಪ್ಪಾಜಿ ಆ ಹಾಳೆಯನ್ನು ಎರಡು ದಿನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿದರು. ಮೂರನೇ ದಿನ ‘ಟಾವೆಲ್ ಮಾರಿ ಅಂಗಡಿ ನಡಿತದಾ?’ ಅಂತ ಕೇಳಿದರು. ನಡೆಯುವುದಿಲ್ಲ, ಸೀರೆಯನ್ನೂ ಟಾವೆಲ್ಲಿನ ಹಾಗೆ ತಿರುಗಿಸಬೇಕು ಅಂದೆ. ಮಾತು ಅಲ್ಲಿಗೆ ನಿಂತಿತು. ಆದರೆ ಹೊಸ ಖರೀದಿಯ ಪಟ್ಟಿಗೆ ಅವರು ಸಹಿ ಮಾಡುವುದನ್ನೂ ನಿಲ್ಲಿಸಿದರು. ನನಗೆ ಬೇಕಾಗಿದ್ದದ್ದು ಅದೇ.

ಆಮೇಲೆ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಈ ದಾರಿಯಲ್ಲಿ ಇರುವ ಬೇರೆ ಅಂಗಡಿಯವರಿಗೆ ಉಪಯೋಗವಾದೀತೆಂದು ಅದನ್ನು ಬಿಡಿಸಿ ಬರೆಯುತ್ತೇನೆ.

ಅಮೆರಿಕದಲ್ಲಿ ಜೆಸಿ ಪೆನ್ನಿ ಅಂತ ಶತಮಾನ ದಾಟಿದ ಡಿಪಾರ್ಟ್‌ಮೆಂಟ್ ಸ್ಟೋರ್ ಸರಣಿ ಇದೆ. ಆ್ಯಪಲ್ ಕಂಪನಿಯ ಅಂಗಡಿಗಳನ್ನು ಕಟ್ಟಿ ಹೆಸರು ಮಾಡಿದ್ದ ರಾನ್ ಜಾನ್ಸನ್ 2011ರ ನವೆಂಬರ್‌ನಲ್ಲಿ ಅದರ ಮುಖ್ಯಸ್ಥರಾದರು. 2012ರ ಫೆಬ್ರವರಿಯಿಂದ ಕೂಪನ್ನು, ಸೇಲು ಎಲ್ಲ ತೆಗೆದು, ವರ್ಷವಿಡೀ ಒಂದೇ ನೇರ ಬೆಲೆ ಅಂತ ಸಾರಿದರು. ಲೆಕ್ಕದ ಪ್ರಕಾರ ಗಿರಾಕಿಗೆ ನಷ್ಟವೇನೂ ಇರಲಿಲ್ಲ. ಆದರೆ ಅದೇ ವರ್ಷ ಮಾರಾಟದ ಕಾಲು ಭಾಗ ಕರಗಿಹೋಯಿತು. 2013ರ ಏಪ್ರಿಲ್‌ನಲ್ಲಿ ಅವರನ್ನು ಇಳಿಸಿ ಹಳೆಯ ಮುಖ್ಯಸ್ಥರನ್ನೇ ಕರೆತಂದರು. ಈ ಕತೆ ನನಗೆ ಬೆಂಗಳೂರಿನ ನೌಕರಿಯ ಕಾಲದಿಂದ ಗೊತ್ತು. ಆದರೂ ಅಮೆರಿಕದ್ದು ಕೂಪನ್ನಿನ ಚಾಳಿ, ನಮ್ಮದು ಚೌಕಾಸಿ, ಎರಡೂ ಬೇರೆ ಅಂತ ನನಗೆ ನಾನೇ ಹೇಳಿಕೊಂಡೆ. 2022ರ ಡಿಸೆಂಬರ್ ಒಂದರಿಂದ ನಾಲ್ಕೂ ಅಂಗಡಿಗಳಲ್ಲಿ ‘ಒಂದೇ ದರ’ ಅಂತ ಬೋರ್ಡು ಹಾಕಿಸಿದೆ. ಚೀಟಿಯ ಬೆಲೆಯನ್ನು ನಿಜಕ್ಕೂ ಇಳಿಸಿದ್ದೆ, ಯಾರಿಗೂ ಮೋಸವಿರಲಿಲ್ಲ.

ಎರಡನೇ ವಾರ ಚಿತ್ತಾಪುರದ ಕಡೆಯ ಒಬ್ಬ ತಾಯಿ, ಮಗಳ ಮದುವೆಯ ಜವಳಿಗೆ ಬಂದಿದ್ದರು. ತಾಸು ಹೊತ್ತು ಕೂತು ಹದಿನೆಂಟು ಸೀರೆ ಆರಿಸಿದರು. ನೆಂಟರಿಗೆ ಉಡುಗೊರೆ ಕೊಡುವ ಆಯೇರಿಯವೂ ಸೇರಿ ಒಳ್ಳೆಯ ವ್ಯಾಪಾರ. ಕೊನೆಗೆ ಕೈಯಲ್ಲಿದ್ದ 1,150ರ ಸೀರೆ ಎತ್ತಿ ತೋರಿಸಿ, ‘ಇದರಾಗ ಒಂದ್ ಐವತ್ ರೂಪಾಯಿ ಬಿಡಂಗಿಲ್ಲೇನ್ರಿ?’ ಅಂತ ಕೇಳಿದರು. ಹೊಸ ಹುಡುಗ ಬೋರ್ಡಿನ ಕಡೆ ಬೆರಳು ಮಾಡಿದ. ಅವರು ಬೋರ್ಡು ನೋಡಿದರು. ಗಲ್ಲಾದ ಕಡೆ ನೋಡಿ ‘ಸಾವ್ಕಾರ್ರು ಇಲ್ಲೇನು?’ ಅಂದರು. ಅಲ್ಲಿ ನಾನಿದ್ದೆ, ನನ್ನ ಪರಿಚಯ ಅವರಿಗಿರಲಿಲ್ಲ. ಆ ಸೀರೆಯನ್ನು ಅವರೇ ತೊಡೆಯ ಮೇಲೆ ಇಟ್ಟುಕೊಂಡು, ಹಳೆಯ ಮಡಿಕೆ ಹಿಡಿದು, ಅಂಚಿಗೆ ಅಂಚು ಕೂಡಿಸಿ ಮಡಚಿದರು. ಗಾದಿಯ ಮೇಲೆ ಇಟ್ಟು, ಸೆರಗು ಸರಿಮಾಡಿಕೊಂಡು, ಮಗಳನ್ನು ಎಬ್ಬಿಸಿಕೊಂಡು ಹೋದರು. ಹದಿನೆಂಟೂ ಸೀರೆ ಅಲ್ಲೇ.

ಅಂಗಡಿ ಮುಚ್ಚಿದ ಮೇಲೆ ಕಾಕಾ ನನ್ನ ಹತ್ತಿರ ಬಂದು ಕೂತರು. ‘ಆಕಿ ಐವತ್ತು ರೂಪಾಯಿ ಉಳಿಸ್ಲಾಕ ಬಂದಿಲ್ರಿ ಅಕ್ಕಾರ. ಬೀಗರ ಮುಂದ, ಸಾವ್ಕಾರ್ರು ನನ್ನ ಮಾತಿಗಿ ಐವತ್ತು ಬಿಟ್ರು ಅಂತ ಹೇಳ್ಬೇಕು. ಅದು ಆಕಿ ಮರ್ಯಾದಿ. ನೀವು ಅದನ್ನ ಬೋರ್ಡಿನ ಮ್ಯಾಲ ಬರದು ಗ್ವಾಡಿಗಿ ಹಚ್ಚೀರಿ’ ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೋರ್ಡು ಸಂಕ್ರಾಂತಿಯ ಮೊದಲೇ ಇಳಿಯಿತು. ಪೂರಾ ಹಿಂದಕ್ಕೆ ಹೋಗಲಿಲ್ಲ. ರೆಡಿಮೇಡು, ಶಾಲೆಯ ಬಟ್ಟೆ, ಭಾಂಡೆ ಸಾಮಾನಿಗೆ ಒಂದೇ ದರ ಇಟ್ಟೆವು. ಅಲ್ಲಿ ಜನ ಚೌಕಾಸಿ ಕೇಳುವುದೇ ಕಡಿಮೆ. ಸೀರೆ ಮತ್ತು ಮದುವೆ ಜವಳಿಯ ಗಾದಿಯಲ್ಲಿ ಮಾತ್ರ, ಮಾರುವವರಿಗೇ ಶೇಕಡಾ 7ರವರೆಗೆ ಬಿಡುವ ಅಧಿಕಾರ ಕೊಟ್ಟೆವು. ಯಾರನ್ನೂ ಕೇಳಬೇಕಾಗಿಲ್ಲ. ಅಧಿಕಾರ ಕೈಗೆ ಬಂದ ಮೇಲೆ ಹುಡುಗರು ಮೊದಲಿಗಿಂತ ಕಡಿಮೆ ಬಿಡತೊಡಗಿದರು. ಇದು ನಾನು ಎಣಿಸದಿದ್ದ ಫಲ.

ಕಾಕಾ ಆ ರಾತ್ರಿ ನನಗೆ ಇನ್ನೊಂದು ಕೊಟ್ಟರು. ನಮ್ಮೂರಿನ ಕಾಳುಕಡಿ ಮಾರುಕಟ್ಟೆ ನೆಹರು ಗಂಜಿನ ಅಡತಿ ಅಂಗಡಿಯವರು ಹೊಸ ವರ್ಷಕ್ಕೆ ಹಂಚುವ ಕಿಸೆ ಡೈರಿ. ರಟ್ಟು ಬೆವರಿಗೆ ಮೆತ್ತಗಾಗಿತ್ತು. ಗಿರಾಕಿ ಕೇಳಿ, ನಾವು ‘ಇಲ್ಲ’ ಅಂದ ಮಾಲನ್ನೆಲ್ಲ ಅವರು ವರ್ಷಗಳಿಂದ ಅದರಲ್ಲಿ ಬರೆದಿಡುತ್ತ ಬಂದಿದ್ದರು. ಯಾರೂ ಕೇಳಿರಲಿಲ್ಲ, ಅವರೂ ತೋರಿಸಿರಲಿಲ್ಲ. ನಾನು ತೆರೆದ ಮೊದಲ ಪುಟ ಹೀಗಿತ್ತು:

ಜಂಪರ್ ಪೀಸ್, ಕಾಟನ್, 1 ಮೀಟರ್ — ಇಲ್ಲ. ಒಂಬತ್ತು ಗಜದ ಸೀರೆ, ಹಸಿರು — ಇಲ್ಲ. ಶಾಲೆ ಪ್ಯಾಂಟು, ಸೊಂಟ 36 — ಇಲ್ಲ. ಜಂಪರ್ ಪೀಸ್ 1 ಮೀಟರ್ — ಇಲ್ಲ. ಬಿಳಿ ಟೊಪಿಗಿ, ದೊಡ್ಡ ಸೈಜು — ಇಲ್ಲ. ಬಾಣಂತಿಗೆ ಕಿವಿ ಕಟ್ಟೋ ಬಟ್ಟೆ, ಉಣ್ಣೆ — ಇಲ್ಲ. ಜಂಪರ್ ಪೀಸ್ 1 ಮೀಟರ್ — ಇಲ್ಲ.

ಒಂದು ಪುಟದಲ್ಲಿ ಮೂರು ಸಲ ಜಂಪರ್ ಪೀಸು, ಅಂದರೆ ರವಿಕೆಯ ಬಟ್ಟೆ. ಕತ್ತರಿಸಿ ಮಡಚಿ ಬರುವ ಪೀಸು 80 ಸೆಂಟಿಮೀಟರಿನದು. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಮೊಳಕೈತನಕ ತೋಳಿನ ಜಂಪರ್ ತೊಡುತ್ತಾರೆ, ಅದಕ್ಕೆ 80 ಸಾಲುವುದಿಲ್ಲ. ತಾಕಾ, ಅಂದರೆ ಬಟ್ಟೆಯ ಇಡೀ ಸುರುಳಿ, ತರಿಸಿ ಕತ್ತರಿಯಲ್ಲಿ ಕೊಯ್ದು ಕೊಟ್ಟರೆ ಮುಗಿಯಿತು. ಅಜ್ಜನ ಕಾಲದಲ್ಲಿ ಹಾಗೇ ಕೊಡುತ್ತಿದ್ದರಂತೆ. ಡಿಪಾರ್ಟ್‌ಮೆಂಟ್ ಸ್ಟೋರ್ ಆದಾಗ ಗಜಕಡ್ಡಿಯೂ ಕತ್ತರಿಯೂ ಹಳೆಯದೆಂದು ಒಳಗೆ ಹೋದವು. 2023ರ ಫೆಬ್ರವರಿಯಲ್ಲಿ ಆರು ಬಣ್ಣದ ತಾಕಾ ತರಿಸಿದೆವು. ಹತ್ತು ದಿನಕ್ಕೆ ಮುಗಿದವು. ಮತ್ತೆ ಹದಿನೆಂಟು ಬಣ್ಣ. ಜಂಪರ್ ಪೀಸಿನಲ್ಲಿ ಲಾಭ ದೊಡ್ಡದಲ್ಲ. ಆದರೆ ಅದಕ್ಕಾಗಿ ಬಂದವರು ಸೀರೆ ನೋಡದೆ ಹೋಗುವುದಿಲ್ಲ. ಅವತ್ತಿನಿಂದ ಪ್ರತಿ ಕೌಂಟರಿಗೂ ಒಂದು ದಾರ ಕಟ್ಟಿದ ವಹಿ ಇಟ್ಟೆವು. ಹೆಸರು ‘ಇಲ್ಲ ವಹಿ’. ಸೋಮವಾರ ಬೆಳಿಗ್ಗೆ ನಾಲ್ಕೂ ಅಂಗಡಿಯ ಪುಟಗಳ ಫೋಟೋ ನನ್ನ ಫೋನಿಗೆ ಬರಬೇಕು. ಖರೀದಿ ಅದನ್ನು ನೋಡಿಯೇ. ಬೆಂಗಳೂರಿನಲ್ಲಿ ಲಕ್ಷಾಂತರ ರೂಪಾಯಿಯ ಸಾಫ್ಟ್‌ವೇರ್ ಏನು ಮಾರಾಟವಾಯಿತು ಅಂತ ಹೇಳುತ್ತಿತ್ತು. ಏನು ಮಾರಾಟವಾಗಲಿಲ್ಲ, ಯಾಕೆ ಆಗಲಿಲ್ಲ ಅನ್ನುವುದನ್ನು ನನಗೆ ಹೇಳಿದ್ದು ಈ ಡೈರಿ. ಒಂಬತ್ತು ವರ್ಷದ ನೌಕರಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ನಾನು ಆ ಮೆತ್ತಗಿನ ರಟ್ಟಿನೊಳಗೆ ಕಲಿತೆ.

ಕೆಂಪು ಚೀಟಿಯ ಮಾಲನ್ನು ಏನು ಮಾಡುವುದು? ಅಂಗಡಿಯಲ್ಲೇ ಅರ್ಧ ಬೆಲೆಗೆ ಇಟ್ಟರೆ ಹೊಸ ಮಾಲೂ ಹೋಗುವುದಿಲ್ಲ. ಹೋಳಿ ಮುಗಿದ ಐದನೇ ದಿನ ಶರಣಬಸವೇಶ್ವರರ ತೇರು. ಜಾತ್ರೆಯ ಅಂಗಡಿಸಾಲು ಆಮೇಲೂ ಬಹಳ ದಿನ ಇರುತ್ತದೆ. ಅಲ್ಲಿ ತಗಡಿನ ಎರಡು ಮಳಿಗೆ ಹಿಡಿದು 100, 200, 300 ಅಂತ ಮೂರೇ ರಾಶಿ ಹಾಕಿದೆವು. ‘ಹಳೇ ಮಾಲು, ನೋಡಿ ತಗೋರಿ’ ಅಂತ ದೊಡ್ಡದಾಗಿ ಬರೆಸಿದೆ. ಅಪ್ಪಾಜಿಗೆ ಅದು ಬಹಳ ನೋವಾಯಿತು. ಕಪಡಾ ಬಜಾರಿನ ಹೆಸರಿನವರು ತಗಡಿನ ಕೆಳಗೆ ಕೂತದ್ದು. ನಾಲ್ಕನೇ ದಿನ ಅವರೇ ಬಂದು ಸ್ಟೂಲಿನ ಮೇಲೆ ಕೂತು ಸ್ಟೀಲ್ ಡಬ್ಬಿ ಮಾರಿದರು. ಜಾತ್ರೆಯಲ್ಲಿ 41 ಲಕ್ಷದ ಹಳೆಯ ಮಾಲಿಗೆ ಬಂದದ್ದು 19 ಲಕ್ಷ. ಕಾಗದದ ಮೇಲೆ ಅದು ನಷ್ಟ. ನನಗೆ ಮಾತ್ರ ಬಂಧಿಯಾಗಿದ್ದ 19 ಲಕ್ಷ ಮನೆಗೆ ಬಂದ ಹಾಗಾಯಿತು.

ಮಡಿಕೆ ಹಿಸಿದ ಸೀರೆಗಳನ್ನು ರಾಶಿಗೆ ಹಾಕಲಿಲ್ಲ. ನಮ್ಮ ಓಣಿಯ ಹಿಂದೆ ಕೌದಿ ಹೊಲಿಯುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಆ ನಲವತ್ತರ ಗಂಟಿನಿಂದ ಹೊಲಿದ ಒಂದು ಕೌದಿ ನನ್ನ ಮನೆಯಲ್ಲಿದೆ. ಅಂಚಿನಲ್ಲಿ ಕಪ್ಪಾದ ಜರಿ ಕಾಣುತ್ತದೆ.

ಮೇ ತಿಂಗಳಲ್ಲಿ ಸೇಡಂ ರಸ್ತೆಯ ಅಂಗಡಿ ಮುಚ್ಚಿದೆವು. ಇದರ ಬಗ್ಗೆ ಹೆಚ್ಚು ಬರೆಯಲು ಕೈ ಓಡುವುದಿಲ್ಲ. ಬಾಡಿಗೆಯೊಂದೇ ಅಲ್ಲಿಯ ಮಾರಾಟದ ಶೇಕಡಾ 14ನ್ನು ತಿನ್ನುತ್ತಿತ್ತು, ಎಷ್ಟು ಬೇಡಿಕೊಂಡರೂ ಕಟ್ಟಡದವರು ಒಂದು ರೂಪಾಯಿ ಇಳಿಸಲಿಲ್ಲ, ಬಿಡುವಾಗ ಬಣ್ಣದ ಹೆಸರಲ್ಲಿ ಡಿಪಾಜಿಟ್ಟಿನ ಮೂರನೇ ಒಂದು ಭಾಗ ಹಿಡಿದುಕೊಂಡರು. ಹದಿನಾಲ್ಕು ಜನರಲ್ಲಿ ಒಂಬತ್ತು ಜನರನ್ನು ಬೇರೆ ಅಂಗಡಿಗೆ ತೆಗೆದುಕೊಂಡೆವು. ಐದು ಜನರಿಗೆ ಜಾಗ ಇರಲಿಲ್ಲ. ಅವರ ಮನೆಗೆ ನಾನೇ ಹೋಗಿ ಹೇಳಿದೆ. ಒಬ್ಬಳ ಅವ್ವ ನನಗೆ ಚಹಾ ಕೊಟ್ಟು, ‘ನೀವ್ ಬಂದು ಹೇಳಿದ್ರಲ್ಲ, ಅಷ್ಟ ಸಾಕು’ ಅಂದಳು. ಸಾಕಾಗಿರಲಿಲ್ಲ. ನನಗದು ಗೊತ್ತು.

ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳು ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ಟಿನಲ್ಲಿ ಬರತೊಡಗಿದರು. ಕಪಡಾ ಬಜಾರಿನ ಅಂಗಡಿಯಲ್ಲಿ ಮೊದಲು ರವಿವಾರದ ಸಂಜೆ ಗದ್ದಲ, ಮಂಗಳವಾರ ಮಧ್ಯಾಹ್ನ ನೊಣ. ಈಗ ಜೇವರ್ಗಿ, ಆಳಂದ, ಅಫಜಲಪುರದ ಬಸ್ಸಿಳಿದು ನಾಲ್ಕೈದು ಜನ ಹೆಣ್ಣುಮಕ್ಕಳು ಕೂಡಿಕೊಂಡು ಮಂಗಳವಾರವೇ ಬರುತ್ತಿದ್ದರು. ಗಂಡಸರ ಅವಸರ ಇಲ್ಲ, ತಾವೇ ಆರಿಸುವವರು. ಆದರೆ ಒಂದು ತಾಸಿನ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಯಾಕೆ ಅಂತ ತಿಳಿದದ್ದು ಜುಲೈನ ಒಂದು ಸೆಕೆಯ ಮಧ್ಯಾಹ್ನ. ಜೇವರ್ಗಿ ಕಡೆಯ ಒಬ್ಬರಿಗೆ ತಲೆ ಸುತ್ತು ಬಂದು ಗಾದಿಯ ಮೇಲೆ ಒರಗಿದರು. ನೀರು ಕೊಟ್ಟರೆ ಬೇಡ ಅಂದರು. ಒತ್ತಾಯ ಮಾಡಿದಾಗ ನನ್ನ ಕಿವಿಯ ಹತ್ತಿರ, ‘ಮುಂಜಾನಿಂದ ನೀರ್ ಕುಡಿದಿಲ್ರಿ. ಕುಡದ್ರ ಎಲ್ಲಿ ಹೋಗ್ಲಿ?’ ಅಂದರು.

ಮೂರು ಅಂತಸ್ತಿನ ಅಂಗಡಿಯಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಶೌಚಾಲಯ ಇರಲಿಲ್ಲ. ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಜನ ಹೆಣ್ಣುಮಕ್ಕಳು. ಮೆಟ್ಟಿಲಿನ ಕೆಳಗೆ ಬಕೆಟ್ಟು ಪೇರಿಸಿಟ್ಟ ಜಾಗ ಖಾಲಿ ಮಾಡಿಸಿ, ಹಳೆಯ ಗೋಡೆ ಒಡೆದು ಪೈಪು ಎಳೆಸಿ, ಒಂದು ಲಕ್ಷ ಹತ್ತು ಸಾವಿರದಲ್ಲಿ ಕಟ್ಟಿಸಿದೆವು. ಮಗ್ಗುಲಿಗೆ ಕೂಸಿಗೆ ಹಾಲೂಡಿಸಲು ಪರದೆ, ಒಂದು ಬೆಂಚು. ನಾನು ಮಾಡಿದ ಬದಲಾವಣೆಗಳಲ್ಲಿ ಅತ್ಯಂತ ಒಳ್ಳೆಯದು ಯಾವುದು ಅಂತ ಕೇಳಿದರೆ ಅದನ್ನೇ ತೋರಿಸುತ್ತೇನೆ. ನನಗಿಂತ ಮೊದಲು ಯಾರಿಗೂ ಹೊಳೆದಿರಲಿಲ್ಲ ಅನ್ನೋದಕ್ಕಿಂತ, ಹೆಣ್ಣಾಗಿ ನನಗೂ ಹತ್ತು ತಿಂಗಳು ಹೊಳೆಯಲಿಲ್ಲವಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಖರೀದಿಯ ರೀತಿ ಬದಲಾಯಿಸಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅಪ್ಪಾಜಿ ವರ್ಷಕ್ಕೆ ಮೂರು ಸಲ ದಲಾಲರ ಮೂಲಕ ದೊಡ್ಡ ಗಂಟು ತರಿಸಿ, ನಾಲ್ಕು ಅಂಗಡಿಗೆ ಸಮವಾಗಿ ಹಂಚುತ್ತಿದ್ದರು, ಮನೆಯಲ್ಲಿ ಮಕ್ಕಳಿಗೆ ಹಂಚಿದ ಹಾಗೆ. ಮೂರು ತಿಂಗಳ ಉದ್ರಿ ಸಿಗುತ್ತಿತ್ತು, ಅದಕ್ಕೇ ಹೆಚ್ಚು ತರಿಸುತ್ತಿದ್ದರು. ನಾನು ಸೋಲಾಪುರಕ್ಕೆ ರೈಲು ಹತ್ತಿದೆ. ಅಜ್ಜನ ಕಾಲದಿಂದ ಚಾದರ ಕೊಡುವ ಮನೆಯವರು. ‘ಹದಿನೈದು ದಿನಕ್ಕೆ ರೊಕ್ಕ ಕೊಡ್ತೀನಿ, ಆದ್ರ ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡ್ರಿ, ಶೇಕಡಾ ಮೂರು ಬಿಡ್ರಿ’ ಅಂದೆ. ಅವರು ನಕ್ಕು ಊಟ ಹಾಕಿ ಕಳಿಸಿದರು, ಮಾಲು ಕೊಡಲಿಲ್ಲ. 2024ರ ಆರಂಭದಲ್ಲಿ, ಸಣ್ಣ ತಯಾರಕರಿಗೆ 45 ದಿನದೊಳಗೆ ಹಣ ಕೊಡದೆ ಬಾಕಿ ಉಳಿಸಿಕೊಂಡರೆ ಆ ಖರೀದಿಯನ್ನು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ ಅನ್ನುವ ನಿಯಮದಿಂದ ಜವಳಿ ಬಜಾರೆಲ್ಲ ಗಡಿಬಿಡಿಗೆ ಬಿದ್ದಿತು. ಆಗ ಅವರೇ ಫೋನು ಮಾಡಿದರು. ಬೇಗ ಕೊಡುವ ಗಿರಾಕಿಗೆ ಆಗ ಬೆಲೆ ಬಂದಿತ್ತು.

ಸಮವಾಗಿ ಹಂಚುವುದನ್ನು ಬಿಡಿಸಿದ್ದು ಮಾತ್ರ ಬೆಳೆ. ನಮ್ಮ ಗಿರಾಕಿಯ ಕೈಯಲ್ಲಿ ರೊಕ್ಕ ಬರುವುದು ಸಂಬಳದ ದಿನ ಅಲ್ಲ, ರಾಶಿ ಆದ ಮೇಲೆ. ಕಲಬುರಗಿಯ ಸುತ್ತ ಮಳೆಯ ಮೇಲೆ ನಿಂತ ತೊಗರಿ, ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಗಂಜಿಗೆ ಬರುತ್ತದೆ. ಇಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಆದರೆ ನೆಟೆ ರೋಗಕ್ಕೆ ಅದೇನೂ ಗೊತ್ತಿಲ್ಲ. 2022ರ ಹಂಗಾಮಿನಲ್ಲಿ ಗಿಡ ನಿಂತಲ್ಲೇ ಒಣಗಿ ಹೋಯಿತು. 2023ರ ಜನವರಿಯಲ್ಲಿ ನಮ್ಮ ಮದುವೆ ಜವಳಿ ಕುಸಿಯಲು ನನ್ನ ಬೋರ್ಡಿನಷ್ಟೇ ಅದೂ ಕಾರಣ. ಯಾದಗಿರಿಯ ಅಂಗಡಿಗೆ ಬರುವವರಲ್ಲಿ ಶಹಾಪುರ, ಸುರಪುರದ ಕಾಲುವೆ ಕೆಳಗಿನ ಭತ್ತದವರು ಬಹಳ. ಕೃಷ್ಣೆಯ ನೀರು ಬಂದರೆ ಅವರಿಗೆ ವರ್ಷಕ್ಕೆ ಎರಡು ಸಲ ರೊಕ್ಕ. ಹುಮನಾಬಾದಿನ ಕಡೆ ಹೆಸರು, ಉದ್ದು ಶ್ರಾವಣ ಭಾದ್ರಪದದಲ್ಲೇ ಕೈಗೆ ಬರುತ್ತವೆ, ಹಿಂದೆಯೇ ಸೋಯಾ, ಆಮೇಲೆ ಕಬ್ಬಿನ ಬಿಲ್ಲು. ಅಂದರೆ ಕಲಬುರಗಿಯಲ್ಲಿ ಕೈ ಖಾಲಿ ಇರುವ ದಸರೆಯಲ್ಲಿ ಹುಮನಾಬಾದಿನವರ ಕೈಯಲ್ಲಿ ರೊಕ್ಕ ಇರುತ್ತದೆ. ನಾವು ಇಷ್ಟು ವರ್ಷ ಮೂರೂ ಊರಿಗೆ ಒಂದೇ ದಿನ ಒಂದೇ ಗಂಟು ಕಳಿಸುತ್ತಿದ್ದೆವು. ಕಲಬುರಗಿ, ಬೀದರ್ ನಡುವೆ 2017ರಿಂದ ರೈಲು ಓಡುತ್ತದೆ, ಹುಮನಾಬಾದ್ ಅದೇ ದಾರಿಯಲ್ಲಿ. ಈಗ ಒಂದು ಊರಿನಲ್ಲಿ ನಿಂತ ಮಾಲು ವಾರದೊಳಗೆ ಇನ್ನೊಂದು ಊರಿಗೆ ಹೋಗುತ್ತದೆ. ಗೋಡೆಯ ಮೇಲೆ ಬೆಳೆಯ ಕ್ಯಾಲೆಂಡರು ಬರೆಸಿದ್ದೇನೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಮೈಲಾಪುರದ ಮಲ್ಲಯ್ಯನ ಜಾತ್ರೆ, ಬಂದೇನವಾಜರ ಉರುಸು, ರಂಜಾನ್ ಎಲ್ಲ ಅದರಲ್ಲೇ. ಅದನ್ನು ಬರೆಸುವಾಗ ಯಾವ ಊರಿಗೆ ಯಾವಾಗ ರೊಕ್ಕ ಬರುತ್ತದೆ ಅಂತ ಹೇಳಿದ್ದೆಲ್ಲ ಅಪ್ಪಾಜಿ. ಅವರಿಗೆ ಎಲ್ಲವೂ ಗೊತ್ತಿತ್ತು. ಗಂಟು ಹಂಚುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅನ್ನಿಸಿರಲಿಲ್ಲ ಅಷ್ಟೆ.

ಉದ್ರಿಯ ಮೇಲೆ ಮಾತ್ರ ನಮ್ಮಿಬ್ಬರದು ಬಹಳ ದಿನ ಜಗಳ. ಹಳೆಯ ವಹಿಯಲ್ಲಿ 11 ಲಕ್ಷ ಬಾಕಿ ಇತ್ತು. ನಾನು ಬಂದ ಹೊಸದರಲ್ಲಿ ಎಲ್ಲರ ಫೋನಿಗೂ ಒಂದೇ ನಮೂನೆಯ ಸಂದೇಶ ಕಳಿಸಿದೆ. ಕೆಲವರು ಕೊಟ್ಟರು, ಕೊಟ್ಟವರು ಮತ್ತೆ ಬರಲಿಲ್ಲ. ಉಳಿದ ಬಾಕಿಗೆ ಕಾಕಾ ರಾಶಿ ಮುಗಿದ ಮೇಲೆ ಊರೂರಿಗೆ ಹೋಗಿ, ಚಹಾ ಕುಡಿದು, ಮಕ್ಕಳ ಓದು ವಿಚಾರಿಸಿ, ವಹಿಯ ಮಾತು ಎತ್ತದೆ ಎದ್ದು ಬರುತ್ತಿದ್ದರು. ವಾರದೊಳಗೆ ಅವರೇ ಬಂದು ಕಟ್ಟುತ್ತಿದ್ದರು. ಏಳು ಲಕ್ಷ ಹಾಗೆ ಬಂತು. ಹೊಸ ಉದ್ರಿ ಮಾತ್ರ ನಾನು ಪೂರಾ ನಿಲ್ಲಿಸಿದ್ದೆ.

2025ರ ಮಾರ್ಚ್ ಲೆಕ್ಕಕ್ಕೆ ಮೂರು ಅಂಗಡಿಯ ಮಾಲು 1 ಕೋಟಿ 75 ಲಕ್ಷಕ್ಕೆ ಇಳಿದಿತ್ತು. ವರ್ಷಕ್ಕೆ ಒಂದೂಕಾಲು ಸಲ ತಿರುಗುತ್ತಿದ್ದದ್ದು ಎರಡೂವರೆ ದಾಟಿತ್ತು. ಬ್ಯಾಂಕಿನ ಬಾಕಿ 60 ಲಕ್ಷ. ಒಟ್ಟು ಮಾರಾಟ 2019ರಷ್ಟು ಇನ್ನೂ ಆಗಿಲ್ಲ, ಆಗುತ್ತದೆಯೋ ಇಲ್ಲವೋ. ಸಂಬಳ ಒಂದನೇ ತಾರೀಖಿಗೆ ಆಗುತ್ತಿದೆ.

2025ರ ಸೆಪ್ಟೆಂಬರ್ 22ಕ್ಕೆ ಸಿದ್ಧ ಉಡುಪಿಗೆ 1,000 ರೂಪಾಯಿವರೆಗೆ ಇದ್ದ ಶೇಕಡಾ 5ರ ಜಿಎಸ್‌ಟಿ 2,500ರವರೆಗೂ ಆಯಿತು. ದೀಪಾವಳಿ ಚೆನ್ನಾಗಿ ಹೋದೀತೆಂದು ನಾನು ಮೊದಲ ಸಲ ಖರೀದಿ ಹೆಚ್ಚಿಸಿದ್ದೆ. ಅದೇ ವಾರದ ಕೊನೆಗೆ ಭೀಮಾ ಉಕ್ಕಿದಳು. ತೊಗರಿ, ಹತ್ತಿ ನೀರಿನಲ್ಲಿ ನಿಂತವು. ನಾನು ಫೋನು ಹಿಡಿದು ಕೂತು ಆರ್ಡರುಗಳನ್ನು ಒಂದೊಂದಾಗಿ ಕಡಿಮೆ ಮಾಡಿಸಿದೆ. ತಿಂಗಳಿಗೊಮ್ಮೆ ತರಿಸುತ್ತಿದ್ದುದರಿಂದ ಅರ್ಧಕ್ಕಿಂತ ಹೆಚ್ಚು ನಿಲ್ಲಿಸಲು ಆಯಿತು. ಮೊದಲಿನ ಹಾಗಿದ್ದರೆ ಅಷ್ಟೊತ್ತಿಗೆ ಗಂಟು ಗೋದಾಮಿನಲ್ಲಿರುತ್ತಿದ್ದವು.

ಅಕ್ಟೋಬರ್ ಎರಡನೇ ವಾರ ಭೀಮಾ ದಂಡೆಯ ಊರಿನ ಒಬ್ಬ ಹೆಣ್ಣುಮಗಳು ಬಂದಳು. ಮನೆಯೊಳಗೆ ಎದೆಮಟ್ಟ ನೀರು ನುಗ್ಗಿತ್ತಂತೆ. ಹಾಸಿಗೆ, ಹೊದಿಕೆ, ಮಕ್ಕಳ ಬಟ್ಟೆ ಯಾವುದೂ ಉಳಿದಿಲ್ಲ. ಏನೂ ಕೇಳದೆ ಚಾದರದ ಮುಂದೆ ನಿಂತಿದ್ದಳು. ಅಪ್ಪಾಜಿ ಗಲ್ಲಾದಿಂದ ಎದ್ದು ಒಳಗೆ ಹೋಗಿ ಕೆಂಪು ಬಟ್ಟೆಯ ಹಳೆಯ ಉದ್ರಿ ವಹಿ ತಂದು ನನ್ನ ಮುಂದೆ ಇಟ್ಟರು. ಮಾತಾಡಲಿಲ್ಲ. ನಾನು ಬಹಳ ಹೊತ್ತು ಆ ವಹಿ ನೋಡಿದೆ. ಮನೆಗೆ ಮೂರು ಸಾವಿರದವರೆಗೆ, ನೆರೆಯ ಊರಿನವರಿಗೆ ಮಾತ್ರ ಅಂದೆ. ಅಪ್ಪಾಜಿ ತಲೆ ಆಡಿಸಿದರು. ಕಾಕಾ ಪೆನ್ನು ತೆಗೆದು ಬರೆದರು: ಚಾದರ 4, ಶಾಲೆ ಅಂಗಿ 2, ಸ್ಟೀಲ್ ಕೊಡ 1. ರೂ. 2,340. ಹಿಂಗಾರಿ ಜೋಳದ ರಾಶಿ ತನಕ.

ಆಕೆ ಗಂಟು ಕಟ್ಟಿಕೊಂಡು ಬಾಗಿಲ ತನಕ ಹೋದವಳು ಹಿಂದಿರುಗಿ ಬಂದಳು. ‘ಕಾಟನ್ ಜಂಪರ್ ಪೀಸ್ ಒಂದ್ ಮೀಟರ್ದು ಅದ ಏನ್ರಿ?’

‘ಅದ ಅವ್ವಾ, ಯಾ ಬಣ್ಣ ಬೇಕು?’ ಅಂದು ಕಾಕಾ ತಾಕಾ ಬಿಚ್ಚಿ ಕತ್ತರಿ ಕೈಗೆತ್ತಿಕೊಂಡರು.